ಗುಜರಿ ಆಕ್ಸಲ್ಲೂ ಬೋರ್ಡಿನ ಮೇಲಿನ ಲೆಕ್ಕವೂ

ಹಳೇ ಕಾರು ಇಟ್ಟುಕೊಂಡ ಹುಡುಗರು ಹಾಸ್ಟೆಲ್ಲಿನಲ್ಲಿ ಸೇರಿದರೆ ಮಾತು ಸುತ್ತಿ ಸುತ್ತಿ ಒಂದೇ ಕಡೆ ಬಂದು ನಿಲ್ಲುತ್ತೆ. "ಮಗಾ, ಹಿಂದೆ ದೊಡ್ಡ ಬ್ರೇಕ್ ಹಾಕ್ಸು, ಆಮೇಲೆ ನೋಡು." ನಾವೂ ಅದೇ ಮಾತು ಆಡಿದವರು. ಆಡಿದ್ದಷ್ಟೇ ಅಲ್ಲ, ಮಾಡಿಯೂ ನೋಡಿದವರು. ಆ ಅನುಭವದಿಂದ ಹೇಳುತ್ತಿದ್ದೇವೆ: ಹಳೇ ಕಾರಿನ ಹಿಂದಿನ ಆಕ್ಸಲ್ಲೋ ಬ್ರೇಕೋ ಕೆಟ್ಟರೆ ಅದೇ ಅಳತೆಯದನ್ನು ಹಾಕಿ ರಿಪೇರಿ ಮಾಡಿಸಿ. ದೊಡ್ಡ ಕಾರಿನದನ್ನು ತಂದು ಕೂರಿಸಬೇಡಿ. ಕೂರಿಸಲೇಬೇಕು ಅಂತ ಹಟ ಇದ್ದರೆ ಮೊದಲು ಒಂದು ಪುಟ ಲೆಕ್ಕ ಬರೆಯಿರಿ. ಆ ಪುಟ ಮುಗಿಯುವ ಹೊತ್ತಿಗೆ ಹಟ ತಾನಾಗೇ ಇಳಿದಿರುತ್ತೆ.

ನಮ್ಮ ಕಥೆ ಚಿಕ್ಕದು. ನಾವು ನಾಲ್ಕು ಜನ, ಎಲ್ಲರೂ ಮೆಕ್ಯಾನಿಕಲ್. ನಮ್ಮಲ್ಲೊಬ್ಬನ ಸೋದರಮಾವ ಗುಬ್ಬಿಯಿಂದ ತಮ್ಮ ಹಳೇ ಮಾರುತಿ 800 ಕೊಟ್ಟು, "ಓಡ್ಸಿ ಕಲೀರಪ್ಪ" ಅಂದಿದ್ದರು. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದು 2014ರ ಜನವರಿವರೆಗೂ ತಯಾರಾದ ಕಾರು ಅದು. ನಮ್ಮ ಕಡೆ ಎಷ್ಟೋ ಮನೆಗಳಿಗೆ ಬಂದ ಮೊದಲ ಕಾರೂ ಅದೇ. ನಮಗೆ ಸಿಕ್ಕಿದ್ದಕ್ಕೆ 15 ವರ್ಷ ತುಂಬಿ, ಎಫ್‌ಸಿ ಆಗಿ, ಆರ್‌ಸಿ ಮತ್ತೆ 5 ವರ್ಷಕ್ಕೆ ರಿನ್ಯೂವಲ್ ಆಗಿತ್ತು. ಎಂಜಿನ್ ಚೆನ್ನಾಗಿತ್ತು, ಆದರೆ ಒಂದು ದೊಡ್ಡ ಗುಂಡಿಗೆ ಬಿದ್ದು ಹಿಂದಿನ ಆಕ್ಸಲ್ ಬೆಂಡ್ ಆಗಿತ್ತು. ಹಿಂದಿನ ಎಡಗಡೆ ಟೈರು ಒಳಭಾಗದಲ್ಲಿ ಮಾತ್ರ ಸವೆಯುತ್ತಿತ್ತು. ಡ್ರಮ್ ಬಿಚ್ಚಿದರೆ ಲೈನಿಂಗ್ ಮುಗಿದಿತ್ತು, ಒಂದು ಕಡೆ ವೀಲ್ ಸಿಲಿಂಡರ್ ಲೀಕ್ ಆಗಿ ಆಯಿಲ್ ಎಲ್ಲ ಶೂ ಮೇಲೆ ಇಳಿದಿತ್ತು.

ಸತ್ಯಮಂಗಲದ ಇಂಡಸ್ಟ್ರಿಯಲ್ ಏರಿಯಾದ ಹತ್ತಿರ ನಮಗೆ ಪರಿಚಯದ ಮೆಕ್ಯಾನಿಕ್ ಅಣ್ಣ ಒಬ್ಬರಿದ್ದಾರೆ. ಅವರು ನೋಡಿ, "ಇದೇ ಗಾಡಿದು ಇನ್ನೊಂದು ಆಕ್ಸಲ್ ಗುಜರೀಲಿ ಸಿಗತ್ತೆ. ಎರಡೂ ಕಡೆ ಹೊಸ ಶೂ, ಹೊಸ ಸಿಲಿಂಡರ್ ಹಾಕೋಣ, ಮುಗೀತು" ಅಂದರು. ನಮಗದು ಸಪ್ಪೆ ಅನ್ನಿಸಿತು. ಬೆಂಗಳೂರಿನ ಶಿವಾಜಿನಗರದ ಗುಜರಿ ಸಾಲಲ್ಲಿ ಅರ್ಧ ದಿನ ಸುತ್ತಿ, ಇದಕ್ಕಿಂತ ದೊಡ್ಡ ಹ್ಯಾಚ್‌ಬ್ಯಾಕಿನ ಆಕ್ಸಲ್ಲನ್ನು ಡ್ರಮ್ ಸಮೇತ ಎತ್ತಿಕೊಂಡು ಬಂದೆವು. ಅಣ್ಣ ಟೇಪ್ ಹಿಡಿದು ಅಳೆದು ನೋಡಿ ಹೇಳಿದ ಮಾತು ಇವತ್ತಿಗೂ ನಮ್ಮ ಕಿವಿಯಲ್ಲಿದೆ: "ಬ್ರಾಕೆಟ್ ಕಟ್ ಮಾಡಿ ವೆಲ್ಡ್ ಹೊಡೆದ್ರೆ ಕೂತ್ಕೊಳ್ಳತ್ತೆ ಕಣ್ರಪ್ಪಾ. ಆದ್ರೆ ಕೂತ್ಕೊಳ್ಳೋದು ಬೇರೆ, ಒಪ್ಕೊಳ್ಳೋದು ಬೇರೆ. ನಾನು ಮಾಡಲ್ಲ."

ನಾವು ಬೇರೆ ಕಡೆ ವೆಲ್ಡ್ ಮಾಡಿಸಿ, ರೂಮಿನ ಹಿಂದಿನ ಖಾಲಿ ಜಾಗದಲ್ಲಿ ನಾವೇ ಫಿಟ್ ಮಾಡಿದೆವು. ಏರ್ ತೆಗೆದೆವು, ಹ್ಯಾಂಡ್ ಬ್ರೇಕ್ ಕೇಬಲ್ ಹೇಗೋ ಎಳೆದು ಸಿಕ್ಕಿಸಿದೆವು. ಭಾನುವಾರ ಸತ್ಯಮಂಗಲದ ಖಾಲಿ ರಸ್ತೆಯಲ್ಲಿ ನಾಲ್ಕೂ ಜನ ಕೂತು ಟೆಸ್ಟ್ ಮಾಡಿದೆವು. ಬ್ರೇಕ್ ಒತ್ತಿದರೆ ಕಾರು ಗೂಟ ಹೊಡೆದ ಹಾಗೆ ನಿಂತಿತು. ಐದಾರು ಸಲ ಹೊಡೆದೆವು, ಐದಾರು ಸಲವೂ ನಿಂತಿತು. ವಿಡಿಯೋ ಮಾಡಿ ಸ್ಟೇಟಸ್ಸಿಗೂ ಹಾಕಿದೆವು.

ನಾಲ್ಕನೇ ದಿನ ರಾತ್ರಿ ನಮ್ಮಲ್ಲೊಬ್ಬ ಅದೇ ರಸ್ತೆಯಲ್ಲಿ ಒಬ್ಬನೇ ಬರುತ್ತಿದ್ದ. ರಸ್ತೆ ಒಣಗಿತ್ತು. ನಾಯಿ ಅಡ್ಡ ಬಂತು, ಅವನು ಬ್ರೇಕ್ ತುಳಿದ. ಕಾರಿನ ಹಿಂಭಾಗ ಅವನನ್ನು ದಾಟಿಕೊಂಡು ಮುಂದೆ ಬಂತು. ಅರ್ಧ ಸುತ್ತು ತಿರುಗಿ ಚರಂಡಿಯ ಅಂಚಿನಲ್ಲಿ, ಬಂದ ದಿಕ್ಕಿಗೇ ಮುಖ ಮಾಡಿ ನಿಂತಿತು. ನಾಯಿಗೂ ಏನೂ ಆಗಲಿಲ್ಲ, ಅವನಿಗೂ ಏನೂ ಆಗಲಿಲ್ಲ. ಹಿಂದೆ ಲಾರಿ ಇರಲಿಲ್ಲ ಅನ್ನುವುದೊಂದೇ ಅದಕ್ಕೆ ಕಾರಣ. ನಮ್ಮ ಜಾಣತನವೇನೂ ಅಲ್ಲ.

ನಾಲ್ಕು ಜನ ಕೂತಾಗ ಸರಿಯಾಗಿ ನಿಂತ ಕಾರು ಒಬ್ಬನೇ ಇದ್ದಾಗ ಯಾಕೆ ತಿರುಗಿತು? ಉತ್ತರ ನಮ್ಮ ನೋಟ್ಸಿನಲ್ಲೇ ಇತ್ತು. ಪರೀಕ್ಷೆಯಲ್ಲಿ ಅದೇ ಪ್ರಶ್ನೆಗೆ ಉತ್ತರ ಬರೆದು ಮಾರ್ಕ್ಸೂ ತಗೊಂಡಿದ್ದೆವು.

ಬ್ರೇಕ್ ಹಾಕಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತೆ. ಬಸ್ಸಿನಲ್ಲಿ ನಿಂತವರಿಗೆಲ್ಲ ಇದು ಗೊತ್ತು. ಎಷ್ಟು ವಾಲುತ್ತೆ ಅನ್ನುವುದಕ್ಕೆ ಲೆಕ್ಕ ಸುಲಭ: ಕಾರಿನ ತೂಕ, ಗುರುತ್ವದ ಎಷ್ಟು ಪಾಲು ಜೋರಾಗಿ ಬ್ರೇಕ್ ಹಿಡಿಯುತ್ತಿದ್ದೇವೆ, ಗುರುತ್ವ ಕೇಂದ್ರ ನೆಲದಿಂದ ಎಷ್ಟು ಎತ್ತರ, ಈ ಮೂರನ್ನೂ ಗುಣಿಸಿ ವೀಲ್‌ಬೇಸಿನಿಂದ ಭಾಗಿಸಬೇಕು. ಮಾರುತಿ 800ರ ವೀಲ್‌ಬೇಸ್ 2175 ಮಿ.ಮೀ. ಕಾರಿನ ತೂಕ ಸುಮಾರು 650 ಕೆ.ಜಿ. ಡ್ರೈವರ್ ಸೇರಿ 720 ಅಂತಿಟ್ಟುಕೊಳ್ಳೋಣ. ಗುರುತ್ವ ಕೇಂದ್ರ ಅರ್ಧ ಮೀಟರ್ ಎತ್ತರದಲ್ಲಿದೆ, ನಿಂತಿರುವಾಗ ಶೇ. 40ರಷ್ಟು ತೂಕ ಹಿಂದಿನ ಚಕ್ರಗಳ ಮೇಲಿದೆ ಅಂದುಕೊಳ್ಳೋಣ. ಅಂದರೆ ಹಿಂದೆ 288 ಕೆ.ಜಿ. ಒಣ ರಸ್ತೆಯಲ್ಲಿ ಗುರುತ್ವದ 0.7 ಪಾಲು ಜೋರಾಗಿ ಬ್ರೇಕ್ ಹಾಕಿದರೆ 720 × 0.7 × 0.5 ÷ 2.175, ಅಂದರೆ ಸುಮಾರು 116 ಕೆ.ಜಿ. ಹಿಂದಿನಿಂದ ಮುಂದಕ್ಕೆ ಹೋಗುತ್ತೆ. ಹಿಂದಿನ ಎರಡು ಚಕ್ರಗಳ ಮೇಲೆ ಉಳಿಯುವುದು 172 ಕೆ.ಜಿ. ಮಾತ್ರ. ಇದು ಒಟ್ಟು ತೂಕದ ಶೇ. 24.

ಒಟ್ಟು ಬ್ರೇಕ್ ಬಲದಲ್ಲಿ ಹಿಂದಿನ ಚಕ್ರಗಳ ಪಾಲು ಶೇ. 24ಕ್ಕಿಂತ ಹೆಚ್ಚಾದರೆ, ಮುಂದಿನ ಚಕ್ರಗಳಿಗಿಂತ ಮೊದಲು ಹಿಂದಿನವು ಜಾಮ್ ಆಗುತ್ತವೆ. ಜಾಮ್ ಆಗಿ ಉಜ್ಜಿಕೊಂಡು ಹೋಗುವ ಚಕ್ರಕ್ಕೆ ಪಕ್ಕಕ್ಕೆ ಹಿಡಿದುಕೊಳ್ಳುವ ಶಕ್ತಿ ಉಳಿಯಲ್ಲ. ಮುಂದಿನವು ಮೊದಲು ಜಾಮ್ ಆದರೆ ಸ್ಟೀರಿಂಗ್ ಮಾತು ಕೇಳಲ್ಲ, ಆದರೆ ಕಾರು ನೇರವಾಗಿ ಹೋಗುತ್ತೆ, ಬ್ರೇಕ್ ಸ್ವಲ್ಪ ಬಿಟ್ಟರೆ ಹಿಡಿತ ವಾಪಸ್ ಬರುತ್ತೆ. ಹಿಂದಿನವು ಮೊದಲು ಜಾಮ್ ಆದರೆ ಕಾರು ಬಾಲ ತಿರುಗಿಸುತ್ತೆ. ಚಿಕ್ಕವರಿದ್ದಾಗ ಸೈಕಲ್ಲಿನ ಹಿಂದಿನ ಬ್ರೇಕ್ ಗಟ್ಟಿ ಹಿಡಿದು, ಮಣ್ಣು ಹಾರಿಸಿಕೊಂಡು ಹಿಂದಿನ ಚಕ್ರ ಪಕ್ಕಕ್ಕೆ ಜಾರಿಸುತ್ತಿದ್ದೆವಲ್ಲ, ಅದೇ ಆಟ. ಅಲ್ಲಿ ಕಾಲು ಊರಿದರೆ ಮುಗೀತು. ಕಾರಿನಲ್ಲಿ ಊರೋಕೆ ಕಾಲು ಎಲ್ಲಿದೆ?

ಈಗ ನಾವು ಮಾಡಿದ ಬದಲಾವಣೆ ನೋಡಿ. ಮೂಲದಲ್ಲಿ ಹಿಂದಿನ ಬ್ರೇಕಿನ ಪಾಲು ಶೇ. 20 ಇತ್ತು ಅಂತ ಹಿಡಿಯೋಣ. ವೀಲ್ ಸಿಲಿಂಡರ್ ಶೂ ತಳ್ಳುವ ಬಲ ಅದರ ಬೋರಿನ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತೆ. 15.87 ಮಿ.ಮೀ. ಬೋರಿನ ಜಾಗಕ್ಕೆ 17.46 ಮಿ.ಮೀ. ಬೋರಿನದು ಬಂದರೆ ಕಣ್ಣಿಗೆ ವ್ಯತ್ಯಾಸವೇ ಕಾಣಲ್ಲ, ಒಂದೂವರೆ ಮಿಲಿಮೀಟರ್ ಅಷ್ಟೇ. ಆದರೆ ಬಲ 1.21 ಪಟ್ಟು. ಅದರ ಮೇಲೆ ಡ್ರಮ್ 180 ಮಿ.ಮೀ. ಇದ್ದದ್ದು 200 ಆದರೆ ಇನ್ನೂ 1.11 ಪಟ್ಟು. ಎರಡನ್ನೂ ಗುಣಿಸಿದರೆ ಹಿಂದಿನ 20 ಸುಮಾರು 27 ಆಗುತ್ತೆ. ಮುಂದಿನ 80 ಹಾಗೇ ಇದೆ. ಈಗ ಹಿಂದಿನ ಪಾಲು 107ರಲ್ಲಿ 27, ಅಂದರೆ ಶೇ. 25. ಗೆರೆ ಇದ್ದದ್ದು 24ರಲ್ಲಿ. ದಾಟಿಬಿಟ್ಟೆವು.

ಭಾನುವಾರ ಯಾಕೆ ತಿರುಗಲಿಲ್ಲ ಅಂದರೆ, ಆವತ್ತು ಇನ್ನೂ ಮೂರು ಜನ ಇದ್ದರು. ತಲಾ 65 ಕೆ.ಜಿ. ಹಿಡಿದರೆ ಒಟ್ಟು 915. ಇಬ್ಬರು ಹಿಂದಿನ ಸೀಟಿನಲ್ಲಿದ್ದಿದ್ದರಿಂದ ಹಿಂದಿನ ಚಕ್ರಗಳ ಮೇಲೆ 425ರಷ್ಟು ತೂಕ. ಅದೇ ಜೋರಿಗೆ ಬ್ರೇಕ್ ಹಾಕಿದಾಗ 147 ಮುಂದಕ್ಕೆ ಹೋದರೂ 278 ಉಳಿಯುತ್ತೆ. ಅದು ಒಟ್ಟು ತೂಕದ ಶೇ. 30. ಬ್ರೇಕಿನ ಪಾಲು 25, ಗೆರೆ 30. ಆರಾಮಾಗಿ ನಿಂತಿತು. ಕಾರು ಹೋಗಬಾರದ ಗೆರೆಯಿಂದ ಅಷ್ಟು ದೂರ ಇದ್ದಾಗಲೇ ನಾವು ಟೆಸ್ಟ್ ಮಾಡಿ, ಪಾಸ್ ಅಂತ ನಮಗೆ ನಾವೇ ಸರ್ಟಿಫಿಕೇಟ್ ಕೊಟ್ಟುಕೊಂಡೆವು. ಅಪಾಯ ಇದ್ದದ್ದು ಖಾಲಿ ಕಾರಿನಲ್ಲಿ. ದಿನಾ ಓಡಾಡುವುದು ಹೆಚ್ಚಾಗಿ ಖಾಲಿ ಕಾರೇ ಅಲ್ಲವೇ?

ನಮ್ಮ ಈ ತಪ್ಪಿಗೆ ಕ್ಯಾಂಪಸ್ಸಿನ ಒಂದು ಅಭ್ಯಾಸವೂ ಕಾರಣ ಅನ್ನಿಸುತ್ತೆ. ಬಾಹಾ ಟೀಮಿನಲ್ಲಿ ಇದ್ದವರಿಗೆ ಗೊತ್ತು, ಬ್ರೇಕ್ ಟೆಸ್ಟಿನಲ್ಲಿ ನಾಲ್ಕೂ ಚಕ್ರ ಲಾಕ್ ಆದರೆ ಪಾಸ್. ಆ ನಿಯಮ ತಪ್ಪಲ್ಲ. ಬ್ರೇಕಿಗೆ ಬೇಕಾದಷ್ಟು ಶಕ್ತಿ ಇದೆಯಾ ಅಂತ ನೋಡುವುದು ಅದರ ಉದ್ದೇಶ. ಆದರೆ ಅದನ್ನು ನೋಡಿ ನೋಡಿ ನಮ್ಮ ತಲೆಯಲ್ಲಿ "ಲಾಕ್ ಆದ್ರೆ ಬ್ರೇಕ್ ಚೆನ್ನಾಗಿದೆ" ಅಂತ ಕೂತುಬಿಟ್ಟಿದೆ. ರಸ್ತೆಯಲ್ಲಿ ಮುಖ್ಯವಾಗುವುದು ಲಾಕ್ ಆಗುತ್ತಾ ಅನ್ನುವುದಲ್ಲ, ಯಾವುದು ಮೊದಲು ಲಾಕ್ ಆಗುತ್ತೆ ಅನ್ನುವುದು. ಈಗಿನ ಹೊಸ ಕಾರುಗಳಲ್ಲಿ ಎಬಿಎಸ್ ಇದೆ, ಜಾಮ್ ಆಗುವ ಚಕ್ರವನ್ನು ತಾನೇ ಬಿಡಿಸುತ್ತೆ. ನಮ್ಮ ಹಳೇ ಕಾರಿನಲ್ಲಿ ಆ ಕಾವಲುಗಾರ ಇಲ್ಲ. ಅಲ್ಲಿ ಕಾಯುತ್ತಿರುವುದು ವಿನ್ಯಾಸ ಮಾಡಿದವರು ಆರಿಸಿಟ್ಟ ಆ ಬೋರು, ಆ ಡ್ರಮ್ಮು, ಆ ಟೈರು. ಒಂದನ್ನು ಬದಲಾಯಿಸಿದರೆ ಕಾವಲು ತೆಗೆದ ಹಾಗೆ.

"ಸರಿ, ಡ್ರಮ್ ಬೇಡ, ಹಿಂದೆ ಡಿಸ್ಕ್ ಹಾಕಿದ್ರೆ? ಘಾಟಿಯಲ್ಲಿ ಬಿಸಿ ಆಗಲ್ಲವಲ್ಲ" ಅಂತ ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದು. ದೇವರಾಯನದುರ್ಗದ ಬೆಟ್ಟದಿಂದ ಇಳಿಯುವುದನ್ನೇ ತಗೊಳ್ಳಿ. 900 ಕೆ.ಜಿ. ಕಾರು 300 ಮೀಟರ್ ಎತ್ತರ ಇಳಿದರೆ ಸುಮಾರು 26 ಲಕ್ಷ ಜೂಲ್ ಶಕ್ತಿ ಎಲ್ಲಾದರೂ ಹೋಗಲೇಬೇಕು. ಅದೇ ಕಾರನ್ನು ಗಂಟೆಗೆ 60 ಕಿ.ಮೀ. ವೇಗದಿಂದ ಒಂದು ಸಲ ನಿಲ್ಲಿಸಲು ಬೇಕಾದದ್ದು 1.25 ಲಕ್ಷ ಜೂಲ್. ಅಂದರೆ ಬರೀ ಬ್ರೇಕ್ ಮೇಲೆ ಇಳಿದರೆ 21 ಸಲ ಪೂರ್ತಿ ನಿಲ್ಲಿಸಿದಷ್ಟು ಬಿಸಿ. ಆದರೆ ಆ ಬಿಸಿಯ ಬಹುಪಾಲು ಹುಟ್ಟುವುದು ಮುಂದಿನ ಬ್ರೇಕಿನಲ್ಲಿ, ಮತ್ತು ಮಾರುತಿ 800ರಲ್ಲಿ ಅಲ್ಲಿ ಡಿಸ್ಕ್ ಆಗಲೇ ಇದೆ. ಹಿಂದೆ ಡಿಸ್ಕ್ ಹಾಕಿದರೆ ತೊಂದರೆಯ ಜಾಗ ಬಿಟ್ಟು ಇನ್ನೆಲ್ಲೋ ಮದ್ದು ಹಚ್ಚಿದಂತೆ. ಬೆಟ್ಟ ಇಳಿಯಲು ಬೇಕಾದದ್ದು ಸೆಕೆಂಡ್ ಗೇರು ಮತ್ತು ಹೊಸ ಬ್ರೇಕ್ ಆಯಿಲ್. ಡಾಟ್ 3 ಆಯಿಲ್ ಹೊಸದಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು. ಅದೇ ಆಯಿಲ್ ಗಾಳಿಯ ತೇವ ಹೀರಿದ ಮೇಲೆ ಅದರ ಮಿತಿ 140 ಡಿಗ್ರಿಗೆ ಇಳಿಯುತ್ತೆ. ಕುದ್ದರೆ ಪೈಪಿನಲ್ಲಿ ಆವಿ, ಪೆಡಲ್ ನೆಲಕ್ಕೆ. ಹಿಂದಿನ ಡಿಸ್ಕಿಗೆ ಖರ್ಚು ಮಾಡುವವರು ಎಷ್ಟು ವರ್ಷದಿಂದ ಆಯಿಲ್ ಬದಲಾಯಿಸಿಲ್ಲ ಅಂತ ಒಂದು ಸಲ ಕೇಳಿ ನೋಡಿ.

ಆಕ್ಸಲ್ಲಿನ ಮಾತೂ ಇದೆ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಹಿಂದಿನ ಆಕ್ಸಲ್ ಸುಮ್ಮನೆ ಒಂದು ಕಬ್ಬಿಣದ ತೊಲೆ ಅಂತ ನಾವು ಅಂದುಕೊಂಡಿದ್ದೆವು. ಆ ತೊಲೆಯೇ ಎರಡೂ ಚಕ್ರ ನೇರ ನಿಲ್ಲುವಂತೆ ನೋಡಿಕೊಳ್ಳುತ್ತೆ, ಪ್ರತಿ ಗುಂಡಿಯ ಹೊಡೆತವನ್ನೂ ತಿನ್ನುತ್ತೆ. ಅದರ ಮೇಲೆ ವೆಲ್ಡ್ ಹೊಡೆದರೆ ಹೊಲಿಗೆಯ ಪಕ್ಕದ ಲೋಹದ ಗುಣ ಬಿಸಿಗೆ ಬದಲಾಗುತ್ತೆ, ಬಿರುಕು ಹುಟ್ಟುವುದು ಅಲ್ಲೇ. ಲಕ್ಷಾಂತರ ಸಲ ಕುಲುಕಿದ ಮೇಲೆ ಒಂದು ದಿನ ಮುರಿಯುತ್ತೆ. ನಮ್ಮ ವೆಲ್ಡ್ ಮುರಿಯುವಷ್ಟು ದಿನ ಓಡಲೇ ಇಲ್ಲ. ಬಿಚ್ಚಿದಾಗ ಒಂದು ಬ್ರಾಕೆಟ್ ಎರಡು ಮಿಲಿಮೀಟರ್ ಸೊಟ್ಟ ಕೂತಿದ್ದು ಕಂಡಿತು, ಅಷ್ಟೇ.

ಕಾನೂನೂ ಸುಮ್ಮನಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ಬದಲಾಯಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ, ಅಥವಾ ಎರಡೂ. ಗಮನಿಸಿ, ಮಾಲೀಕರು ಅಂದರೆ ನಾವಲ್ಲ. ಆರ್‌ಸಿ ಇದ್ದದ್ದು ಗುಬ್ಬಿಯ ಮಾವನ ಹೆಸರಿನಲ್ಲಿ. ಓಡ್ಸಿ ಕಲೀರಿ ಅಂತ ಪ್ರೀತಿಯಿಂದ ಕಾರು ಕೊಟ್ಟವರನ್ನು ಅವರಿಗೆ ಒಂದು ಮಾತೂ ಹೇಳದೆ ಅಪರಾಧಿ ಮಾಡಲು ಹೊರಟಿದ್ದೆವು.

ಇದನ್ನೆಲ್ಲ ಕೇಳಿದ ಒಬ್ಬ ಗೆಳೆಯ, "ಹಾಗಾದ್ರೆ ಹಳೇ ಕಾರನ್ನ ಮುಟ್ಟಲೇಬಾರದಾ? ಇಂಜಿನಿಯರಿಂಗ್ ಓದಿ ಏನ್ ಪ್ರಯೋಜನ?" ಅಂದ. ಮುಟ್ಟಬೇಕು ಅನ್ನುವುದೇ ನಮ್ಮ ಅಭಿಪ್ರಾಯ. ಹಳೇ ಕಾರೆಲ್ಲ ಗುಜರಿಗೆ ಹಾಕಿ ಅನ್ನುವವರ ಗುಂಪಿಗೆ ನಾವು ಸೇರಲ್ಲ. ಹೊಸ ಕಾರು ಕೊಳ್ಳಲಾಗದ ಮನೆಗಳು ನಮ್ಮ ಜಿಲ್ಲೆಯಲ್ಲಿ ಎಷ್ಟೋ ಇವೆ. ಅವರಿಗೆ ಆ ಕಾರೇ ಆಸ್ಪತ್ರೆಗೆ ಹೋಗುವ ಗಾಡಿ, ಮದುವೆಗೆ ಹೋಗುವ ಗಾಡಿ. ಅದನ್ನು ಅದರ ಅಳತೆಯಲ್ಲೇ ಸರಿಮಾಡಿ ರಸ್ತೆಯಲ್ಲಿ ಇಡುವುದು ಇಂಜಿನಿಯರಿಂಗ್ ಅಲ್ಲದೆ ಮತ್ತೇನು? ಡ್ರಮ್ ಸವೆತ ಅಳೆಯುವುದು, ಬೋರ್ ನೋಡಿ ಸರಿಯಾದ ಸಿಲಿಂಡರ್ ಆರಿಸುವುದು, ಗುಜರಿ ಆಕ್ಸಲ್ ನೇರ ಇದೆಯಾ ಅಂತ ಪರೀಕ್ಷಿಸುವುದು, ಇವೆಲ್ಲ ಕಲಿಯುವ ಕೆಲಸಗಳೇ. ಸ್ಟೇಟಸ್ಸಿಗೆ ಹಾಕುವ ಹಾಗೆ ಕಾಣಲ್ಲ, ಅಷ್ಟೇ.

ಕನ್ನಡ ಸಂಘದ ಪತ್ರಿಕೆಯಲ್ಲಿ ಇದನ್ನು ಬರೆಯುತ್ತಿರುವುದಕ್ಕೂ ಒಂದು ಕಾರಣ ಇದೆ. ಕಾರು ತಿರುಗಿದ ಮಾರನೇ ದಿನ ನಾವು ತಲೆ ತಗ್ಗಿಸಿಕೊಂಡು ಅಣ್ಣನ ಗ್ಯಾರೇಜಿಗೆ ಹೋದೆವು. ಏನಾಯ್ತು ಅಂತ ಇಂಗ್ಲಿಷ್ ಪದಗಳಲ್ಲೇ ವಿವರಿಸಲು ಹೋದೆವು, ಲೋಡ್ ಟ್ರಾನ್ಸ್‌ಫರ್, ಬ್ರೇಕ್ ಬಯಾಸ್ ಅಂತ. ಅವರು ಸುಮ್ಮನೆ ನೋಡುತ್ತಿದ್ದರು. ಕೊನೆಗೆ ನಮ್ಮಲ್ಲೊಬ್ಬ, "ಅಣ್ಣ, ಬ್ರೇಕ್ ಹೊಡೆದ್ರೆ ಭಾರ ಎಲ್ಲಾ ಮುಂದಕ್ಕೆ ವಾಲತ್ತೆ, ಹಿಂದೆ ಹಗುರ ಆಗತ್ತೆ. ಹಗುರ ಆಗಿರೋ ಚಕ್ರಕ್ಕೆ ದೊಡ್ಡ ಬ್ರೇಕ್ ಕೊಟ್ವಿ" ಅಂದ. ಅಣ್ಣ ನಕ್ಕು, "ಅದನ್ನೇ ಅಲ್ವೇನ್ರಪ್ಪಾ ನಾನು ಒಪ್ಕೊಳ್ಳಲ್ಲ ಅಂದಿದ್ದು?" ಅಂದರು. ಅವರ ಹತ್ತಿರ ಸತ್ಯ ಇತ್ತು, ಸಂಖ್ಯೆ ಇರಲಿಲ್ಲ. ನಮ್ಮ ಹತ್ತಿರ ಸೂತ್ರ ಇತ್ತು, ಬಳಸುವ ಬುದ್ಧಿ ಇರಲಿಲ್ಲ. ಇಬ್ಬರೂ ಒಂದೇ ಭಾಷೆಯಲ್ಲಿ ಮೊದಲೇ ಮಾತಾಡಿದ್ದರೆ ಕಾರು ತಿರುಗುತ್ತಿರಲಿಲ್ಲ.

ಆಮೇಲೆ ಅದೇ ಮಾಡೆಲ್ಲಿನ ನೇರವಾದ ಆಕ್ಸಲ್ ಹುಡುಕಿ, ಎರಡೂ ಕಡೆ ಒಂದೇ ಅಳತೆಯ ಹೊಸ ಸಿಲಿಂಡರ್, ಹೊಸ ಶೂ, ಹೊಸ ಆಯಿಲ್ ಹಾಕಿ ಅಣ್ಣನೇ ನಿಲ್ಲಿಸಿಕೊಟ್ಟರು. ಸ್ಪ್ಯಾನರ್ ಹಿಡಿದದ್ದು ನಾವು, ಬೈದದ್ದು ಅವರು.

ನಮ್ಮ ತಪ್ಪಿನಿಂದ ಯಾರಿಗಾದರೂ ಉಪಯೋಗ ಆಗಲಿ ಅಂತ ನಾಲ್ಕು ಮಾತು. ಹಿಂದಿನ ಬ್ರೇಕಿನ ಯಾವ ಪಾರ್ಟ್ ಬದಲಾಯಿಸಿದರೂ ಎರಡೂ ಕಡೆ ಒಟ್ಟಿಗೆ, ಒಂದೇ ಅಳತೆಯದನ್ನೇ ಹಾಕಿ. ಡ್ರಮ್ ಒಳಗಿನ ಪುಡಿಯನ್ನು ಬಾಯಲ್ಲಾಗಲಿ ಕಂಪ್ರೆಸರಿನಲ್ಲಾಗಲಿ ಊದಬೇಡಿ. ಹಳೇ ಲೈನಿಂಗಿನಲ್ಲಿ ಆಸ್‌ಬೆಸ್ಟಾಸ್ ಇರಬಹುದು, ಒದ್ದೆ ಬಟ್ಟೆಯಲ್ಲಿ ಒರೆಸಿ. ಗಾಡಿ ಜಾಕಿ ಮೇಲಷ್ಟೇ ನಿಂತಿದ್ದರೆ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಇಡಿ. ರಿಪೇರಿ ಆದ ಮೇಲೆ ಜನ ಓಡಾಡದ ಜಾಗದಲ್ಲಿ, ಖಾಲಿ ಕಾರಿನಲ್ಲಿ, ನಿಧಾನ ವೇಗದಿಂದ ಶುರು ಮಾಡಿ ಪರೀಕ್ಷಿಸಿ. ಗೆಳೆಯರನ್ನೆಲ್ಲ ಕೂರಿಸಿಕೊಂಡು ಮಾಡುವುದು ಪರೀಕ್ಷೆಯಲ್ಲ, ಮೆರವಣಿಗೆ.

ನಮ್ಮ ವಿಭಾಗಕ್ಕೂ ಒಂದು ಕೋರಿಕೆ ಇದೆ. ಬೆಂಡ್ ಆದ ಹಳೇ ಆಕ್ಸಲ್ಲೂ, ನಾವು ಮೂರ್ಖತನದಿಂದ ತಂದ ದೊಡ್ಡ ಆಕ್ಸಲ್ಲೂ ಈಗ ರೂಮಿನ ಹಿಂದೆ ಬಿದ್ದಿವೆ. ಎರಡನ್ನೂ ಲ್ಯಾಬಿಗೆ ಕೊಡುತ್ತೇವೆ. ಡ್ರಮ್ ಬಿಚ್ಚಿ, ಬೋರ್ ಅಳೆದು, ಮೇಲಿನ ಲೆಕ್ಕವನ್ನು ಪ್ರತಿ ಬ್ಯಾಚಿನವರೂ ಒಂದು ಸಲ ಕೈಯಾರೆ ಮಾಡಲಿ. ಆವತ್ತು ಸತ್ಯಮಂಗಲದ ಅಣ್ಣನನ್ನೂ ಕರೆಯಿರಿ. ಬೋರ್ಡಿನ ಮೇಲೆ ಸೂತ್ರ ಬರೆಯುವ ಮೇಷ್ಟ್ರು ಒಂದು ಕಡೆ, ಆಕ್ಸಲ್ ಮೇಲೆ ಕೈಯಿಟ್ಟ ಅಣ್ಣ ಇನ್ನೊಂದು ಕಡೆ, ನಡುವೆ ನಾವು. ಗುಜರಿಯವನಿಗೆ ತೂಕಕ್ಕೆ ಹಾಕಿದರೆ ನಮಗೆ ಸಿಗುವುದು ಕೆಲವು ನೂರು ರೂಪಾಯಿ. ಲ್ಯಾಬಿನಲ್ಲಿ ಇದ್ದರೆ ಮುಂದಿನ ವರ್ಷ ಯಾವನಾದರೂ ಒಬ್ಬ "ಹಿಂದೆ ದೊಡ್ಡ ಬ್ರೇಕ್ ಹಾಕ್ಸು ಮಗಾ" ಅಂದಾಗ ಇನ್ನೊಬ್ಬ "ಮೊದ್ಲು ಲೆಕ್ಕ ಹಾಕು" ಅನ್ನುತ್ತಾನೆ.